ಹಳಿ, ಹೊಳೆ, ಮೆಣಸಿನಕಾಯಿ ಕಣ: ಹುಬ್ಬಳ್ಳಿಗೆ ಹಾರಿ ಬಂದ ನೆನಪು

ಎಪ್ಪತ್ತರ ದಶಕದ ಕೊನೆಯ ಮಾತು. ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣ 1974ರಲ್ಲೇ ಆಗಿತ್ತು. ಆದರೆ ಹಾರಲು ಕಲಿಯಬೇಕು ಅಂದರೆ ನಾನು ಮೀಟರ್ ಗೇಜ್ ರೈಲು ಹತ್ತಿ ಬೆಂಗಳೂರಿನ ಜಕ್ಕೂರಿನಲ್ಲಿದ್ದ ವಿಮಾನ ತರಬೇತಿ ಶಾಲೆಗೇ ಹೋಗಬೇಕಿತ್ತು.

ಕೈ ಪಳಗಿದ್ದು ಪುಷ್ಪಕ್‌ನಲ್ಲಿ. 1958ರಲ್ಲಿ ಮೊದಲು ಹಾರಿದ, ನಮ್ಮ ಎಚ್‌ಎಎಲ್‌ನ ವಿಮಾನ. ಪಕ್ಕಪಕ್ಕ ಎರಡು ಸೀಟು, 90 ಅಶ್ವಶಕ್ತಿಯ ಎಂಜಿನ್, ಮೈಗೆ ಬಟ್ಟೆಯ ಹೊದಿಕೆ. ಬಟ್ಟೆ ಬಿಗಿಯಾಗಲು ಬಳಿಯುವ ಡೋಪ್‌ನ ವಾಸನೆ ಹ್ಯಾಂಗರ್ ತುಂಬಾ ಇರುತ್ತಿತ್ತು. ಸ್ಟಾರ್ಟರ್ ಇರಲಿಲ್ಲ. ಪ್ರೊಪೆಲ್ಲರ್ ಕೈಯಿಂದಲೇ ತಿರುಗಿಸಬೇಕು. ಅಂಗೈ ಬ್ಲೇಡಿನ ಮೇಲೆ ಚಪ್ಪಟೆಯಾಗಿ ಇಡಬೇಕು, ಬೆರಳು ಮಡಿಸಿ ಹಿಡಿಯಬಾರದು. "ಕಾಂಟ್ಯಾಕ್ಟ್" (ಸ್ವಿಚ್ ಆನ್) ಅಂತ ಕೂಗಿ ಎಳೆದ ಕೂಡಲೇ ಮೈ ಹಿಂದಕ್ಕೆ ಸರಿಯಬೇಕು. ಸ್ವಿಚ್ ಆಫ್ ಇದ್ದರೂ ಬ್ಲೇಡನ್ನು ನಂಬಬೇಡ ಅಂತ ಮೊದಲ ದಿನವೇ ಹೇಳಿಕೊಡುತ್ತಿದ್ದರು. ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋವನ್ನು ಸ್ವಿಚ್ಚಿಗೆ ಜೋಡಿಸುವ ತಂತಿ ಕಡಿದಿದ್ದರೆ ಸಾಕು, ಬ್ಲೇಡ್ ಸ್ವಲ್ಪ ತಿರುಗಿದರೂ ಎಂಜಿನ್ ಹೊತ್ತಿಕೊಂಡುಬಿಡಬಹುದು.

ಹುಬ್ಬಳ್ಳಿಗೆ ಬಂದದ್ದು ಮಾತ್ರ ನಾಲ್ಕು ಸೀಟಿನ ಸೆಸ್ನಾದಲ್ಲಿ, ಇನ್‌ಸ್ಟ್ರಕ್ಟರ್ ಜೊತೆ. ನೇರ ಗೆರೆ ಎಳೆದರೆ ಸುಮಾರು 370 ಕಿ.ಮೀ. ಜಿಪಿಎಸ್ ಎಲ್ಲಿಂದ ಬರಬೇಕು? ತೊಡೆಯ ಮೇಲೆ ನಕ್ಷೆ, ಕೈಯಲ್ಲಿ ಗಡಿಯಾರ, ಗೆರೆಯ ಮೇಲೆ ಹತ್ತು ಹತ್ತು ನಿಮಿಷಕ್ಕೆ ಪೆನ್ಸಿಲ್ ಗುರುತು. ಕೆಳಗಿನ ಊರು ಗುರುತಿಗಿಂತ ಮೊದಲೇ ಬಂತೋ, ತಡವಾಗಿ ಬಂತೋ ನೋಡಿದರೆ ಗಾಳಿಯ ಲೆಕ್ಕ ಸಿಗುತ್ತದೆ. ಚಿತ್ರದುರ್ಗದ ಬಂಡೆಗಳು ಕಾಣುವ ತನಕ ದಿಕ್ಸೂಚಿಯೇ ಗತಿ. ಹರಿಹರದಲ್ಲಿ ತುಂಗಭದ್ರೆ ದಾಟಿದ ಮೇಲೆ ರೈಲು ಹಳಿ ಹಿಡಿದರೆ ಆಯ್ತು.

ನನಗೆ ಎಲ್ಲಕ್ಕಿಂತ ಇಷ್ಟವಾಗುತ್ತಿದ್ದದ್ದು ಬ್ಯಾಡಗಿ ಸೀಮೆ. ಸಂಕ್ರಾಂತಿಯ ಆಸುಪಾಸು ಕಣದ ತುಂಬಾ ಮೆಣಸಿನಕಾಯಿ ಒಣಹಾಕಿರುತ್ತಾರೆ ನೋಡಿ, ಮೇಲಿಂದ ಕಪ್ಪು ಎರೆ ಹೊಲಗಳ ನಡುವೆ ಕೆಂಪು ಕೆಂಪು ಚೌಕಗಳು! ನಕ್ಷೆಯಲ್ಲಿ ಅದು ಇರುವುದಿಲ್ಲ. ಆದರೆ ಹಾವೇರಿ ಹತ್ತಿರ ಬಂತು ಅಂತ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಆಮೇಲೆ ಯಲವಿಗಿ, ಕುಂದಗೋಳ, ಹುಬ್ಬಳ್ಳಿ.

ಸಂಕ್ರಾಂತಿಯ ಹೊತ್ತಿಗೆ ಮೂಡಣ ಗಾಳಿ. ಇಳಿಯುವುದು ಗಾಳಿಗೆ ಎದುರಾಗಿ, ಅಂದರೆ ಪೂರ್ವಕ್ಕೆ ಮುಖ ಮಾಡಿ. ಹಾಗಾಗಿ ಉಣಕಲ್ ಕೆರೆಯ ಕಡೆಯಿಂದ ಪಡುವಣಕ್ಕೆ ಹೋಗಿ, ಎಡಕ್ಕೆ ಎರಡು ಸಲ ತಿರುಗಿ ರನ್‌ವೇಗೆ ಬರಬೇಕು.

ಗೋಕುಲ ರಸ್ತೆಯ ನಿಲ್ದಾಣಕ್ಕೆ ಕಾಕಾ ಬುತ್ತಿ ಕಟ್ಟಿಸಿಕೊಂಡು ಬಂದಿದ್ದರು. "ದಾರಿ ಹೆಂಗ ಗೊತ್ತಾಗ್ತದೋ ತಮ್ಮಾ, ಮ್ಯಾಲೆ ಬೋರ್ಡ್ ಏನೂ ಇರೂದಿಲ್ಲಲಾ?" ನಾನು ನಕ್ಷೆ ಬಿಚ್ಚಿದೆ. ಅವರು ಕುಂದಗೋಳದ ಮೇಲೆ ಬೆರಳಿಟ್ಟು ತಮ್ಮ ಹೊಲ ಹುಡುಕತೊಡಗಿದರು.

ವಾಪಸ್ ಹೊರಡುವುದು ಮರುದಿನ ಬೆಳಿಗ್ಗೆಯೇ. ಬಿಸಿಲೇರಿದರೆ ಎರೆಭೂಮಿ ಕಾದು ವಿಮಾನ ಸಿಕ್ಕಾಪಟ್ಟೆ ಕುಲುಕುತ್ತದೆ. ಮೇಲಾಗಿ ಬರುವಾಗ ತಳ್ಳಿದ ಗಾಳಿ ಈಗ ಎದುರಿಗೆ, ಪೆಟ್ರೋಲ್ ಜಾಸ್ತಿ ಬೇಕು. ರಾತ್ರಿ ರೆಕ್ಕೆ, ಬಾಲಕ್ಕೆ ಹಗ್ಗ ಬಿಗಿದು, ವೇಗ ಅಳೆಯುವ ಪಿಟೋ ಕೊಳವೆಗೆ ಕವರ್ ಹಾಕುತ್ತಿದ್ದೆವು. ಅದನ್ನು ತೆರೆದಿಟ್ಟರೆ ಕಡಜ ಮಣ್ಣು ಮೆತ್ತಿಬಿಡುತ್ತದೆ. ಆಗ ವಿಮಾನ ಓಡುತ್ತಿದ್ದರೂ ವೇಗದ ಮುಳ್ಳು ಮೇಲೇಳುವುದಿಲ್ಲ.