ನೀರಿನ ಹತ್ತಿರ ಒಂದು ಅತ್ತಿ ಗಿಡ ನೆಡಿ

ತೋಟಕ್ಕೆ ಹಕ್ಕಿ ಬರಲಿ, ಯಾವ ಗಿಡ ಹಾಕಲಿ ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಹೆಸರು, ಅತ್ತಿ. ಮಾವು, ನೇರಳೆಯ ಹಣ್ಣು ಒಂದು ಕಾಲಕ್ಕೆ ಮುಗಿದುಹೋಗುತ್ತದೆ. ಅತ್ತಿ ವರ್ಷದಲ್ಲಿ ಹಲವು ಸಲ ಕಾಯಿ ಬಿಡುತ್ತದೆ, ಅದೂ ಎಲ್ಲ ಮರಗಳಲ್ಲಿ ಒಟ್ಟಿಗೆ ಅಲ್ಲ. ಬೇರೆ ಹಣ್ಣು ಸಿಗದ ದಿನಗಳಲ್ಲೂ ಕುಟ್ರು ಹಕ್ಕಿ, ಪಿಕಳಾರ, ಕೋಗಿಲೆ, ಅಳಿಲು, ಬಾವಲಿ, ಪುನುಗು ಬೆಕ್ಕಿನ ಹೊಟ್ಟೆ ತುಂಬುತ್ತದೆ. ಕಾಡಿನ ಕಡೆ ಮಂಗಟ್ಟೆಯೂ ಬರುತ್ತದೆ. ಹೊಳೆಗೆ ಬಿದ್ದ ಹಣ್ಣನ್ನು ಮೀನು ಬಿಡುವುದಿಲ್ಲ.

ಅತ್ತಿ ಹಣ್ಣು ಒಡೆದರೆ ಬರೀ ಹುಳ ಅಂತ ಮೂಗು ಮುರಿಯುವವರೇ ಜಾಸ್ತಿ. ಆ 'ಹುಳ' ಇಲ್ಲದಿದ್ದರೆ ಬೀಜವೇ ಇಲ್ಲ! ಅತ್ತಿಯ ಹೂವು ಇರುವುದು ಕಾಯಿಯ ಒಳಗೆ. ಸೊಳ್ಳೆಗಿಂತ ಚಿಕ್ಕದಾದ ಒಂದು ಹೆಣ್ಣು ಕಣಜ ತುದಿಯ ಕಿಂಡಿಯಿಂದ ಒಳಗೆ ನುಗ್ಗುತ್ತದೆ. ನುಗ್ಗುವಾಗ ಅದರ ರೆಕ್ಕೆ ಕಿತ್ತುಹೋಗುತ್ತದೆ. ಕೆಲವು ಹೂವಿಗೆ ಮೊಟ್ಟೆ ಇಡುತ್ತದೆ, ಉಳಿದವಕ್ಕೆ ಪರಾಗ ಹಚ್ಚುತ್ತದೆ, ಅಲ್ಲೇ ಸಾಯುತ್ತದೆ. ಮುಂದೆ ಮರಿ ಕಣಜಗಳಲ್ಲಿ ಗಂಡುಗಳು ದಾರಿ ಕೊರೆಯುತ್ತವೆ, ಹೆಣ್ಣುಗಳು ಪರಾಗ ಹೊತ್ತು ಹಾರಿಹೋಗುತ್ತವೆ. ಬದುಕುವುದು ಒಂದೆರಡು ದಿನ ಮಾತ್ರ. ಅದಕ್ಕೇ ಅತ್ತಿಯ ಸುತ್ತ ಕೀಟನಾಶಕ ಹೊಡೆಯಲೇಬೇಡಿ.

ಬೀಜಕ್ಕೆ ಹಣ್ಣು ಆರಿಸುವಾಗಲೂ ಇದು ನೆನಪಿರಲಿ. ಕೆಂಪಾಗಿ ಮೆತ್ತಗಾದ, ಸಣ್ಣ ತೂತು ಬಿದ್ದ ಹಣ್ಣು ತನ್ನಿ. ಕಣಜ ಹೊರಬಿದ್ದಿದೆ, ಬೀಜ ಬಲಿತಿದೆ ಅಂತ ಅದರ ಅರ್ಥ. ಬಕೆಟ್ ನೀರಿನಲ್ಲಿ ಚೆನ್ನಾಗಿ ಕಿವುಚಿ. ತೇಲುವುದನ್ನು ಚೆಲ್ಲಿ, ತಳಕ್ಕೆ ಕೂತ ಬೀಜವನ್ನು ನೆರಳಲ್ಲಿ ಆರಿಸಿ. ಬೀಜ ತೀರಾ ಸಣ್ಣದು, ಹಿಡಿ ಮರಳು ಬೆರೆಸಿಕೊಂಡರೆ ಉದುರಿಸಲು ಸುಲಭ. ಮರಳು, ಗೊಬ್ಬರ ತುಂಬಿದ ಟ್ರೇಯ ಮೇಲೆ ಉದುರಿಸಿ ಬಿಡಿ, ಮಣ್ಣು ಮುಚ್ಚಬೇಡಿ. ಮೊಳೆಯಲು ಬೆಳಕು ಬೇಕು. ನೀರು ಸುರಿಯಬೇಡಿ, ಸ್ಪ್ರೇ ಮಾಡಿ. ನಾಲ್ಕೆಲೆ ಬಂದ ಮೇಲೆ ಒಂದೊಂದೇ ಸಸಿಯನ್ನು ಪ್ಯಾಕೆಟ್‌ಗೆ ಬದಲಿಸಿ.

ಮುಂದಿನ ಮಳೆಗಾಲದ ಶುರುವಿಗೆ 2 ಅಡಿ ಗುಂಡಿ ತೆಗೆದು ನೆಡಿ. ಹಳ್ಳದ ಬದಿ, ನೀರು ಬಸಿದು ಬರುವ ತಗ್ಗಿನ ಮೂಲೆ ಇದ್ದರೆ ಬಹಳ ಒಳ್ಳೆಯದು. ಮನೆ, ಬಾವಿ, ಕಾಂಪೌಂಡಿನಿಂದ ಕಡಿಮೆ ಅಂದರೂ 30 ಅಡಿ ದೂರ ಇರಲಿ, ಇದರ ಬೇರು ದೂರ ಹೋಗುತ್ತದೆ. ಎಳೆ ಎಲೆ ಕಂಡರೆ ಮೇಕೆ ಬಿಡುವುದಿಲ್ಲ, ಮುಳ್ಳಿನ ಬೇಲಿ ಬೇಕೇ ಬೇಕು. ಮೊದಲ ಎರಡು ಬೇಸಿಗೆ ನೀರು ತಪ್ಪಿಸಬೇಡಿ.

ಎಲೆಯ ಮೇಲೆ ಗಂಟು ಎದ್ದರೆ, ಹುಳ ಎಲೆ ತಿಂದರೆ ಸುಮ್ನೆ ಬಿಡಿ. ಅತ್ತಿ ಎಲೆ ತಿಂದು ಬೆಳೆಯುವ ಚಿಟ್ಟೆಗಳಿವೆ. ಕಾಯಿ ಬರುವುದು ಕಾಂಡ ಮತ್ತು ದಪ್ಪ ಕೊಂಬೆಗಳ ಮೇಲೇ, ಆದ್ದರಿಂದ ಚೆಂದಕ್ಕೆ ಅಂತ ಅವನ್ನು ಸವರಬೇಡಿ.

ಹೊಸ ಮರದ ಮೊದಲ ಕಾಯಿಗಳು ಹಣ್ಣಾಗದೆ ಉದುರಿದರೆ ಗಾಬರಿ ಬೇಡ. ಕಣಜ ಇನ್ನೊಂದು ಅತ್ತಿ ಮರದಿಂದ ಬರಬೇಕು, ಅಲ್ವಾ? ಹತ್ತಿರದಲ್ಲಿ ಅಂಥ ಮರ ಇಲ್ಲದಿದ್ದರೆ ಪಕ್ಕದ ಜಮೀನಿನವರಿಗೂ ಒಂದೆರಡು ಸಸಿ ಕೊಡಿ. ಹೇಗೂ ಟ್ರೇಯಲ್ಲಿ ಬೇಕಾದಷ್ಟು ಉಳಿದಿರುತ್ತವೆ.