ಗುಲ್ಮಾರ್ಗ್‌ಗೋ, ಔಲಿಗೋ? ಮೊದಲ ಸ್ಕೀ ಪ್ರವಾಸಕ್ಕೆ ಹೀಗೆ ಆರಿಸಿ

ಈ ಚಳಿಗಾಲದಲ್ಲಿ ಸ್ಕೀಯಿಂಗ್ ಕಲಿಯಲೇಬೇಕು ಅಂತ ಮನಸ್ಸು ಮಾಡಿದ ಕೂಡಲೇ ಎರಡು ಹೆಸರು ಎದುರಿಗೆ ಬರುತ್ತವೆ. ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ. ಫೋಟೊದಲ್ಲಿ ಎರಡೂ ಚೆಂದ. ಹಾಗಾಗಿ ಫೋಟೊ ನೋಡುತ್ತಾ ಕೂತರೆ ತೀರ್ಮಾನವೇ ಆಗುವುದಿಲ್ಲ. ಎರಡೂ ಕಡೆ ಹೋಗಿ ಬಂದ ಮೇಲೆ, ಯಾರು ಕೇಳಿದರೂ ನಾನು ಒಂದೇ ಲೆಕ್ಕ ಹಾಕಲು ಹೇಳುತ್ತೇನೆ. ನಿಮ್ಮ ರಜೆಯಲ್ಲಿ ಕಾಲು ಹಿಮದ ಮೇಲೆ ಇರುವುದು ಎಷ್ಟು ದಿನ?

ಮೊದಲು ರಜೆ ಎಣಿಸಿ

ಗುಲ್ಮಾರ್ಗ್ ಲೆಕ್ಕ ಸುಲಭ. ಬೆಂಗಳೂರಿನಿಂದ ಬೆಳಿಗ್ಗೆ ಬೇಗ ವಿಮಾನ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಶ್ರೀನಗರ. ಅಲ್ಲಿಂದ ಸುಮಾರು 50 ಕಿ.ಮೀ. ತಂಗ್ಮಾರ್ಗ್ ಊರಿನಿಂದ ಮೇಲೆ ಕೊನೆಯ 13 ಕಿ.ಮೀ. ಘಾಟಿ ರಸ್ತೆ. ಹಿಮ ಬಿದ್ದಿದ್ದರೆ ಅಲ್ಲಿ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗೆ ಬದಲಾಯಿಸಬೇಕು. ಆದರೂ ರಸ್ತೆ ತೆರೆದಿದ್ದರೆ ಅದೇ ದಿನ ಸಂಜೆ ರೂಮಿನಲ್ಲಿರುತ್ತೀರಿ.

ಔಲಿಗೆ ರಿಷಿಕೇಶದಿಂದ ಜೋಶಿಮಠ ದಾಟಿ ಹೋಗಬೇಕು. ರಿಷಿಕೇಶ–ಜೋಶಿಮಠ ಸುಮಾರು 250 ಕಿ.ಮೀ. ಬೆಂಗಳೂರು–ಚಿಕ್ಕಮಗಳೂರಿನಷ್ಟೇ ಅಲ್ವಾ ಅನಿಸಬಹುದು. ಆದರೆ ಅಷ್ಟೂ ದೂರ ಶಿರಾಡಿ ಘಾಟಿಯೇ ಇದೆ ಅಂದುಕೊಳ್ಳಿ. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ ದಾಟುತ್ತಾ ಹೋಗುವ ಈ ದಾರಿಗೆ ಒಂಬತ್ತು ಹತ್ತು ಗಂಟೆ ಬೇಕು. ಜೋಶಿಮಠದಿಂದ ಔಲಿಗೆ ಹೋಗುತ್ತಿದ್ದ ಪ್ರಸಿದ್ಧ ರೋಪ್‌ವೇ, ಅಲ್ಲಿ ನೆಲ ಕುಸಿಯಲು ಶುರುವಾದ ಮೇಲೆ 2023ರ ಜನವರಿಯಲ್ಲಿ ನಿಂತಿತು. ಅದನ್ನು ನಂಬಿ ಯೋಜನೆ ಹಾಕಬೇಡಿ. ರಸ್ತೆಯಲ್ಲೇ ಹತ್ತುವ ಲೆಕ್ಕ ಇಟ್ಟುಕೊಳ್ಳಿ. ಹೋಗಲು ಎರಡು ದಿನ, ಬರಲು ಎರಡು ದಿನ.

ಅಂದರೆ ಆರು ದಿನದ ರಜೆಯಲ್ಲಿ ಗುಲ್ಮಾರ್ಗ್ ನಿಮಗೆ ನಾಲ್ಕು ದಿನ ಹಿಮ ಕೊಡುತ್ತದೆ, ಔಲಿ ಎರಡೇ. ಎರಡು ದಿನ ಸಾಲುವುದಿಲ್ಲ. ಮೊದಲ ದಿನ ನಿಲ್ಲುವುದನ್ನು, ಬೀಳುವುದನ್ನು, ಬಿದ್ದು ಏಳುವುದನ್ನು ಕಲಿಯುವುದರಲ್ಲೇ ಮುಗಿಯುತ್ತದೆ. ಸ್ಕೀ ಮುಂತುದಿಗಳನ್ನು ಹತ್ತಿರ ತಂದು, ಹಿಂದೆ ಅಗಲಿಸಿ ವೇಗ ತಡೆಯುವುದು ಕೈಗೂಡುವುದು ಎರಡನೇ ದಿನದ ಸಂಜೆಗೆ. ತಿರುಗುವ ಖುಷಿ ಶುರುವಾಗುವುದೇ ಮೂರನೇ ದಿನ. ಆ ಹೊತ್ತಿಗೆ ಬ್ಯಾಗ್ ಕಟ್ಟುವುದು ಅಂದರೆ ತುಂಬಾ ಬೇಸರ.

ಆಮೇಲೆ ಹಿಮದ ಲೆಕ್ಕ

ಗುಲ್ಮಾರ್ಗ್ ಊರೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗೊಂಡೋಲಾ (ಕೇಬಲ್ ಕಾರ್) ಇನ್ನೂ 1,300 ಮೀಟರ್ ಮೇಲಕ್ಕೆ ಒಯ್ಯುತ್ತದೆ. ಔಲಿಯ ಇಳಿಜಾರು 3,000 ಮೀಟರ್‌ನ ಆಸುಪಾಸಿಗೆ ಮುಗಿಯುತ್ತದೆ. ಹಿಮ ಕಡಿಮೆ ಬಿದ್ದ ವರ್ಷ ಈ ವ್ಯತ್ಯಾಸ ದೊಡ್ಡದು. ಔಲಿಯಲ್ಲಿ ಹಿಮ ತಯಾರಿಸುವ ಯಂತ್ರಗಳಿವೆ, ಆದರೆ ಅವಕ್ಕೂ ಕೊರೆಯುವ ಚಳಿ ಬೇಕು. ಹಾಗಂತ ಗುಲ್ಮಾರ್ಗ್ ಗ್ಯಾರಂಟಿ ಅಲ್ಲ. 2024ರ ಜನವರಿಯಲ್ಲಿ ಅಲ್ಲಿ ಕಂದು ಹುಲ್ಲು ಕಾಣುತ್ತಿತ್ತು. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಹಂತವನ್ನೇ ಮಾರ್ಚ್‌ಗೆ ಮುಂದೂಡಿದರು.

ಹೀಗಾಗಿ ಕ್ರಿಸ್‌ಮಸ್ ರಜೆಗೆ ಸ್ಕೀ ಪ್ರವಾಸ ಬೇಡ. ಎಲ್ಲಿಗೇ ಆದರೂ ಜನವರಿ ಕೊನೆಯಿಂದ ಫೆಬ್ರವರಿ ಕೊನೆಯ ಒಳಗೆ ಹೋಗಿ. ರದ್ದು ಮಾಡಿದರೆ ಹಣ ವಾಪಸ್ ಕೊಡುವ ರೂಮೇ ಬುಕ್ ಮಾಡಿ. ಹೊರಡುವ ವಾರ ಅಲ್ಲಿನ ತರಬೇತುದಾರರಿಗೆ ಫೋನ್ ಮಾಡಿ, ಕಲಿಯುವವರ ಇಳಿಜಾರಿನಲ್ಲಿ ಹಿಮ ಎಷ್ಟಿದೆ ಅಂತ ಕೇಳಿ. ಮೇಲೆ ಎಷ್ಟಿದೆ ಅನ್ನುವುದು ನಿಮಗೆ ಬೇಡದ ವಿಷಯ.

ಇಳಿಜಾರು ನೋಡಿ ಆರಿಸಿ

ಗುಲ್ಮಾರ್ಗ್ ಗೊಂಡೋಲಾದ ಮೊದಲ ಹಂತ 1998ರಿಂದ ನಡುವಿನ ಕೊಂಗ್ಡೂರಿ ನಿಲ್ದಾಣಕ್ಕೆ ಓಡುತ್ತಿದೆ. 2005ರಲ್ಲಿ ಬಂದ ಎರಡನೇ ಹಂತ ಅಫರ್ವಾತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್‌ಗೆ ಕರೆದೊಯ್ಯುತ್ತದೆ. ಜಗತ್ತಿನ ಎಲ್ಲೆಲ್ಲಿಂದಲೋ ಸ್ಕೀಯರ್‌ಗಳು ಬರುವುದು ಅಲ್ಲಿನ ಮೆತ್ತನೆ ಹಿಮಕ್ಕಾಗಿ. ಅದು ಕಲಿಯುವವರ ಜಾಗ ಅಲ್ಲವೇ ಅಲ್ಲ. ಅಲ್ಲಿ ಯಂತ್ರ ಓಡಿಸಿ ಹದ ಮಾಡಿದ ದಾರಿ ಇಲ್ಲ, ಹಿಮಕುಸಿತದ ಅಪಾಯ ನಿಜ. 2024ರ ಫೆಬ್ರವರಿಯಲ್ಲಿ ರಷ್ಯಾದ ಸ್ಕೀಯರ್ ಒಬ್ಬರು ಹಿಮಕುಸಿತದಲ್ಲಿ ಜೀವ ಕಳೆದುಕೊಂಡರು. ಮೇಲೆ ಹೋಗುವ ಆಸೆ ಇದ್ದರೆ ಹೋಗಿ, ನೋಡಿ, ಅದೇ ಕ್ಯಾಬಿನ್‌ನಲ್ಲಿ ಇಳಿದು ಬನ್ನಿ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ.

ಹೊಸಬರು ಕಲಿಯುವುದು ಕೆಳಗೆ, ಗಾಲ್ಫ್ ಮೈದಾನದ ಅಂಚಿನ ಸಣ್ಣ ಇಳಿಜಾರುಗಳಲ್ಲಿ. ಜಾಗ ಒಳ್ಳೆಯದು, ಗದ್ದಲ ಜಾಸ್ತಿ. ಒಂದು ದಿನಕ್ಕೆ ಬಂದ ಪ್ರವಾಸಿಗರ ಮರದ ಸ್ಲೆಡ್ಜ್‌ಗಳು ಮಧ್ಯೆ ನುಗ್ಗುತ್ತಿರುತ್ತವೆ. ಬೆಳಿಗ್ಗೆ ಬೇಗ ಶುರು ಮಾಡಿದರೆ ಅವರು ಬರುವ ಮುಂಚೆ ಒಂದೆರಡು ಗಂಟೆ ಸಿಗುತ್ತದೆ.

ಔಲಿ ನನಗೆ ಇಷ್ಟವಾಗಿದ್ದು ಈ ವಿಷಯದಲ್ಲೇ. ಅಲ್ಲಿ ಮುಖ್ಯವಾಗಿ ಒಂದು ಉದ್ದನೆ ಇಳಿಜಾರು, ಪಕ್ಕದಲ್ಲಿ ಚೇರ್‌ಲಿಫ್ಟ್, ಎದುರಿಗೆ 7,816 ಮೀಟರ್ ಎತ್ತರದ ನಂದಾದೇವಿ. 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ನಡೆದದ್ದು ಇಲ್ಲೇ. ಉತ್ತರಾಖಂಡ ಸರ್ಕಾರದ ಗಢ್ವಾಲ್ ಮಂಡಲ್ ವಿಕಾಸ್ ನಿಗಮ 7 ಮತ್ತು 14 ದಿನದ ಕೋರ್ಸ್ ನಡೆಸುತ್ತಾ ಬಂದಿದೆ. ಅದೇ ಇಳಿಜಾರು, ಅದೇ ಗುರು. ನಿನ್ನೆ ಬಿದ್ದ ಜಾಗ ಇವತ್ತು ದಾಟಿದಿರಿ ಅನ್ನುವುದು ನಿಮಗೇ ಕಾಣುತ್ತದೆ. ಹನ್ನೊಂದು ಹನ್ನೆರಡು ದಿನ ಬಿಡುವು ಇದ್ದರೆ, ಕಲಿಯುವುದೇ ಉದ್ದೇಶವಾಗಿದ್ದರೆ ಕಣ್ಣು ಮುಚ್ಚಿ ಔಲಿಗೆ ಹೋಗಿ. ವಾರಕ್ಕಿಂತ ಕಡಿಮೆ ಇದ್ದರೆ, ಅಥವಾ ಸ್ಕೀ ಮಾಡದ ಮನೆಯವರೂ ಜೊತೆಗಿದ್ದರೆ ಗುಲ್ಮಾರ್ಗ್.

ದುಡ್ಡಿನ ವಿಷಯದಲ್ಲಿ ಒಂದೇ ಮಾತು: ಸ್ಕೀ, ಬೂಟು, ಗುರು, ಲಿಫ್ಟ್ ಎಲ್ಲ ಸೇರಿ ದಿನಕ್ಕೆಷ್ಟು ಅಂತ ಕೇಳಿ ಹೋಲಿಸಿ. ಕಾಶ್ಮೀರಕ್ಕಾದರೆ ಪೋಸ್ಟ್‌ಪೇಯ್ಡ್ ಸಿಮ್ ಇರಲಿ, ಹೊರಗಿನ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ. ಟಿಕೆಟ್ ತೆಗೆಯುವ ಮುಂಚೆ ಅಲ್ಲಿನ ಪರಿಸ್ಥಿತಿಯನ್ನೂ ವಿಚಾರಿಸಿಕೊಳ್ಳಿ.

ತಲುಪಿದ ಮೇಲೆ ಬೂಟು

ಎಲ್ಲಿಗೇ ಹೋದರೂ ಬೂಟು ಆರಿಸಲು ಅರ್ಧ ಗಂಟೆ ಕೊಡಿ. ನನಗೆ ಮೊದಲ ಸಲ ಒಂದು ಸೈಜ್ ದೊಡ್ಡ ಬೂಟು ಸಿಕ್ಕಿತ್ತು. ಬೆಚ್ಚಗಿರಲಿ ಅಂತ ಎರಡು ಕಾಲುಚೀಲ ಹಾಕಿದ್ದೆ. ಒಳಗೆ ಕಾಲು ಜಾರುತ್ತಿತ್ತು, ಸ್ಕೀ ಮಾತು ಕೇಳುತ್ತಿರಲಿಲ್ಲ, ಇಡೀ ದಿನ ಹಾಳಾಯಿತು. ಒಂದೇ ಕಾಲುಚೀಲ ಹಾಕಿ, ಉದ್ದನೆಯದು, ಮಡಿಕೆ ಇಲ್ಲದಂತೆ. ಪ್ಯಾಂಟಿನ ಅಂಚು ಬೂಟಿನ ಒಳಗೆ ಸಿಕ್ಕಬಾರದು. ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಬಕಲ್ ಹಾಕಿ. ನೇರ ನಿಂತಾಗ ಬೆರಳ ತುದಿ ಮುಂದೆ ಸ್ವಲ್ಪ ತಾಗಬೇಕು. ಮೊಣಕಾಲು ಮಡಿಸಿ ಮುಂದೆ ಬಾಗಿದಾಗ ಆ ತಾಗು ಬಿಟ್ಟುಹೋಗಬೇಕು, ಹಿಮ್ಮಡಿ ಮೇಲೇಳಬಾರದು. ಎದ್ದರೆ ಬೂಟು ವಾಪಸ್ ಕೊಟ್ಟು ಬೇರೆ ಕೇಳಿ.

ಸಂಜೆ ರೂಮಿಗೆ ಬಂದ ಕೂಡಲೇ ಬಕಲ್ ಪೂರ್ತಿ ಬಿಚ್ಚಿ, ಬೂಟಿನ ಬಾಯಿ ಅಗಲಿಸಿ ಬೆಚ್ಚಗಿನ ಮೂಲೆಯಲ್ಲಿಡಿ. ಒಲೆಗೆ ತೀರಾ ಹತ್ತಿರ ಬೇಡ. ರಾತ್ರಿಯೆಲ್ಲಾ ಹೊರಗೆ ಬಿಟ್ಟರೆ ಬೆಳಿಗ್ಗೆ ಅದು ಕಲ್ಲಾಗಿರುತ್ತದೆ, ಕಾಲು ಒಳಗೆ ಹೋಗುವುದೇ ಇಲ್ಲ.