ಚೀನೀ ಅಕ್ಷರದಲ್ಲಿ ಹುಡುಕುವುದು ಹೇಗೆ? ಪಟ್ಟಿ ನೋಡದೆ ಸ್ಪೇಸ್ ಒತ್ತಬೇಡಿ

ಚೀನೀ ಕಲಿಯುತ್ತಿರುವ ಗೆಳೆಯರೊಬ್ಬರು ನೆಟ್‌ನಲ್ಲಿ ಅಡುಗೆ ಉಪ್ಪಿನ ಬಗ್ಗೆ ಹುಡುಕುತ್ತಿದ್ದರು. ಬಂದದ್ದೆಲ್ಲ ವಿಜ್ಞಾನದ ಪ್ರಯೋಗಗಳು! ಸ್ಪೆಲಿಂಗ್ ಸರಿಯಾಗಿಯೇ ಇತ್ತು, ಅಕ್ಷರ ಆರಿಸುವಾಗ ಎಡವಿದ್ದರು. ಹೀಗೆ ಎಡವುವವರನ್ನು ತುಂಬಾ ನೋಡಿದ್ದೇನೆ.

ಮೊದಲು ಕೀಬೋರ್ಡ್. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸರಳ ಚೀನೀ, ಪಿನ್‌ಯಿನ್ ಸೇರಿಸಿಕೊಳ್ಳಿ. ಬಣ್ಣಬಣ್ಣದ ಬಿಟ್ಟಿ ಕೀಬೋರ್ಡ್ ಆ್ಯಪ್ ಬೇಡವೇ ಬೇಡ. ನೀವು ಒತ್ತುವುದೆಲ್ಲ ಅದರ ಮೂಲಕವೇ ಹೋಗುತ್ತದೆ.

ಪಿನ್‌ಯಿನ್ ಅಂದರೆ ಚೀನೀ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಕ್ರಮ. ಚೀನಾ 1958ರಲ್ಲಿ ಇದನ್ನು ಒಪ್ಪಿಕೊಂಡಿತು. ನಾವು ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡ ಟೈಪ್ ಮಾಡುತ್ತೇವಲ್ಲ, ಹಾಗೆಯೇ. ಆದರೆ ಅಲ್ಲಿ ಒಂದೇ ಉಚ್ಚಾರಕ್ಕೆ ಹತ್ತಾರು ಅಕ್ಷರ. ದನಿಯ ಏರಿಳಿತವನ್ನು ಟೈಪ್ ಮಾಡುವುದಿಲ್ಲವಾದ್ದರಿಂದ ಗೊಂದಲ ಇನ್ನೂ ಜಾಸ್ತಿ.

ಇಲ್ಲಿ ನಿಧಾನಿಸಿ. ಎಸ್-ಎಚ್-ಐ-ವೈ-ಎ-ಎನ್ ಒತ್ತಿ. ಕೀಬೋರ್ಡಿನ ಮೇಲಿನ ಪಟ್ಟಿಯಲ್ಲಿ ಪ್ರಯೋಗ, ಪರೀಕ್ಷೆ, ಪ್ರತಿಜ್ಞೆ, ಅಡುಗೆ ಉಪ್ಪು ಎಲ್ಲವೂ ಇರುತ್ತವೆ. ಸ್ಪೇಸ್ ಒತ್ತಿದರೆ ಮೊದಲನೆಯದೇ ಬಂದು ಕೂರುತ್ತದೆ. ಈ ಪದಗಳಿಗೆಲ್ಲ ಎರಡೆರಡು ಅಕ್ಷರ, ಹಾಗಾಗಿ ಎರಡನೇ ಅಕ್ಷರ ನೋಡಿ. ಅದರ ಎಡಕ್ಕೆ ‘ಕುದುರೆ’ಯ ಗುರುತು (马) ಇದ್ದರೆ ಅದು ಪ್ರಯೋಗ ಇಲ್ಲವೇ ಪರೀಕ್ಷೆ. ತಳದಲ್ಲಿ ‘ಬಾಯಿ’ಯ ಚೌಕ (口) ಇದ್ದರೆ ಪ್ರತಿಜ್ಞೆ. ತಳದಲ್ಲಿ ಅಗಲವಾದ ‘ಪಾತ್ರೆ’ (皿) ಇದ್ದರೆ ನಿಮ್ಮ ಉಪ್ಪು. ಇನ್ನೊಂದು ಮಾತು: ಒಂದೊಂದೇ ಅಕ್ಷರ ಬರೆಯಬೇಡಿ, ಇಡೀ ಪದ ಒತ್ತಿ. ಸುಮ್ನೆ ‘ಶಿ’ ಅಂತ ಒತ್ತಿದರೆ ಪಟ್ಟಿ ಮುಗಿಯುವುದೇ ಇಲ್ಲ.

‘ಹಸಿರು’ ಬರೆಯುವಾಗಲೂ ಜನ ಸಿಕ್ಕಿಬೀಳುತ್ತಾರೆ. ಅದರ ‘ಲ್ಯು’ವಿಗೆ ಎಲ್ ಆದ ಮೇಲೆ ವಿ ಒತ್ತಬೇಕು. ಯು ಒತ್ತಿದರೆ ರಸ್ತೆ, ಜಿಂಕೆ ಬರುತ್ತವೆ. ಶಿಯಾನ್ ನಗರ ಬೇಕಿದ್ದರೆ ಎಕ್ಸ್-ಐ ಆದ ಮೇಲೆ ಒಂದು ಮೇಲ್ಚುಕ್ಕೆ (ಅಪಾಸ್ಟ್ರಫಿ, ’) ಹಾಕಿ, ಆಮೇಲೆ ಎ-ಎನ್. ಪಳಗಿದವರು ಬಿ-ಜೆ ಎಂದಷ್ಟೇ ಒತ್ತಿ ಬೀಜಿಂಗ್ ತರಿಸುತ್ತಾರೆ. ಹೊಸಬರಿಗೆ ಈ ಅಡ್ಡದಾರಿ ಬೇಡ.

ಉಚ್ಚಾರವೇ ಗೊತ್ತಿಲ್ಲದ ಅಕ್ಷರವೇ? ಕೈಬರಹದ ಕೀಬೋರ್ಡ್ ತೆರೆದು ಬೆರಳಿನಿಂದ ಬರೆಯಿರಿ. ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡಗೆರೆ ಮೊದಲು. ಚೀನೀಯರೇ ಮರೆತಾಗ ‘ಮೂರು ಮರ ಸೇರಿದರೆ ಯಾವ ಅಕ್ಷರ’ ಎಂದು ಹುಡುಕುತ್ತಾರೆ. ಉತ್ತರ ‘ಸೆನ್’, ಅಂದರೆ ಕಾಡು. ಎಷ್ಟು ಚೆಂದ ಅಲ್ವಾ?

ಇನ್ನು ಎಲ್ಲಿ ಹುಡುಕಬೇಕು? ಚೀನಾದ ಒಳಗಿನ ಪುಟಗಳಿಗೆ ‘ಬೈದು’ ಎಂಬ ಅಲ್ಲಿಯ ಸರ್ಚ್ ಎಂಜಿನ್, ತೈವಾನ್, ಹಾಂಗ್‌ಕಾಂಗ್‌ಗೆ ಗೂಗಲ್. ತೈವಾನ್‌ನಲ್ಲಿ ಹಳೆಯ ಪೂರ್ಣ ಅಕ್ಷರಗಳೇ ಇವೆ. ಸರಳ ಚೀನೀಯ ‘ಡ್ರ್ಯಾಗನ್’ ಅಕ್ಷರಕ್ಕೆ 5 ಗೆರೆ, ಅಲ್ಲಿಯದು 16. ಕೀಬೋರ್ಡಿನಲ್ಲಿ ‘ಸಾಂಪ್ರದಾಯಿಕ’ ಆರಿಸಿದರೆ ಅಕ್ಷರ ಸರಿಹೋಗುತ್ತದೆ, ಪದ ಸರಿಹೋಗುವುದಿಲ್ಲ. ‘ತುದೌ’ ಚೀನಾದಲ್ಲಿ ಆಲೂಗಡ್ಡೆ, ತೈವಾನ್‌ನಲ್ಲಿ ಕಡಲೆಕಾಯಿ. ತೈವಾನ್‌ನ ಆಲೂ ಪಲ್ಯ ಬೇಕಿದ್ದರೆ ‘ಮಾಲಿಂಗ್‌ಶು’ ಎಂದು ಹುಡುಕಿ.